ಎಡಗಾಲಿನ ಬೂಟು

"ಅಮ್ಮಾ, ಸ್ವಲ್ಪ ಆ ಕಡೆ ಸರೀರಿ. ಫೋಟೋಗೆ ಅಡ್ಡ ಬರ್ತಿದೀರಿ."

ಹೇಳಿದವನು ಕೊರಳಿಗೆ ಕ್ಯಾಮೆರಾ ಹಾಕಿಕೊಂಡಿದ್ದ ಒಬ್ಬ ಗಂಡಸು. ಒರಟಾಗಿ ಹೇಳಲಿಲ್ಲ, ಮರ್ಯಾದೆಯಿಂದಲೇ ಹೇಳಿದ. ಅವಳು ಪೊರಕೆ ಎತ್ತಿಕೊಂಡು ಸರಿದಳು. ಅಡ್ಡ ಬಂದದ್ದು ಯಾವ ಚಿತ್ರಕ್ಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದು ಅವಳ ಗಂಡನ ಚಿತ್ರ. ಗಂಡ ಸತ್ತು ಇನ್ನೂ ವರ್ಷ ತುಂಬಿಲ್ಲ. ಗೋಡೆಯ ಮೇಲೆ ಮೂರು ಅಂತಸ್ತು ಎತ್ತರಕ್ಕೆ ನಿಂತಿದ್ದಾನೆ. ತಲೆಗೆ ಹಳದಿ ಹೆಲ್ಮೆಟ್ಟು, ಕೈಗೆ ಕೆಂಪು ಗವಸು, ಮೊಣಕಾಲಿನವರೆಗೂ ಕಪ್ಪು ಬೂಟು. ನಗುತ್ತಿದ್ದಾನೆ. ಅವಳು ಕೈ ಎತ್ತಿದರೆ ಬೂಟಿನ ಮೇಲಂಚು ಸಿಗುತ್ತದೆ, ಅದಕ್ಕಿಂತ ಮೇಲಿನ ಗಂಡ ಅವಳಿಗೆ ಎಟುಕುವುದಿಲ್ಲ.

ಗುಂಪಿನ ಮುಂದೆ ಸೊಂಟಕ್ಕೆ ಸ್ಪೀಕರು ಕಟ್ಟಿಕೊಂಡ ಹುಡುಗಿ ನಿಂತಿದ್ದಳು. ಚಿತ್ರಗಳ ಬೀದಿ ತೋರಿಸುವುದು ಅವಳ ಕೆಲಸ. ಇಲ್ಲಿಯವರು ಅವಳನ್ನು ಮೈಕಿನ ಹುಡುಗಿ ಅನ್ನುತ್ತಾರೆ. ಪ್ರತಿ ಸಲವೂ ಅದೇ ಮಾತು ಹೇಳುತ್ತಾಳೆ. ಈತ ಊರಿನ ಚರಂಡಿ ಕಾಯ್ದ ವೀರ, ಯೋಧ ಕವಚ ತೊಡುವ ಹಾಗೆ ದಿನಾ ಬೆಳಿಗ್ಗೆ ಈ ಬೂಟು, ಈ ಗವಸು ತೊಟ್ಟು ಇಳಿಯುತ್ತಿದ್ದ, ಒಂದೇ ಒಂದು ದಿನ ಬಿಚ್ಚಿಟ್ಟು ಇಳಿದ, ಆ ದಿನವೇ ಹೋದ. ಜನ ಲೊಚಗುಟ್ಟುತ್ತಾರೆ. ಆಮೇಲೆ ಎಲ್ಲರೂ ಪಕ್ಕದ ಗೋಡೆಯ ತಿಮಿಂಗಿಲ ನೋಡಲು ಹೋಗುತ್ತಾರೆ.

ಅವಳು ಪೊರಕೆ ಹಿಡಿದುಕೊಂಡು ಸಂದಿಯಲ್ಲಿ ನಿಂತು ಕೇಳುತ್ತಾಳೆ. ಗುಂಪು ಮುಂದೆ ಹೋದಮೇಲೆ ಹೊರಗೆ ಬಂದು ಮತ್ತೆ ಗುಡಿಸುತ್ತಾಳೆ.

ಈ ಬೀದಿ ಮೊದಲು ಗೋದಾಮುಗಳ ಹಿಂಬದಿ. ಲಾರಿಯವರು ಉಚ್ಚೆ ಹೊಯ್ಯುತ್ತಿದ್ದ ಜಾಗ. ಈಗ ಗೋಡೆಗೊಂದು ಚಿತ್ರ ಬಂದಿದೆ. ತಿಮಿಂಗಿಲ ಇದೆ, ಕಣ್ಣು ಮುಚ್ಚಿದ ಹೆಂಗಸಿನ ಮುಖ ಇದೆ, ಏನೆಂದು ಬರೆದವನಿಗೂ ತಿಳಿಯದ ಬಣ್ಣದ ಸುರುಳಿ ಇದೆ. ಇದನ್ನೆಲ್ಲ ಗುಡಿಸಿ, ತೊಳೆದು, ಗೋಡೆಗೆ ಅಂಟಿಸಿದ ಪೋಸ್ಟರು ಕೆರೆದು ಚೊಕ್ಕಟವಾಗಿ ಇಡುವವಳು ಅವಳು. ನೋಡುವವರ ಗುಂಪು ಬಂದಾಗ ಮಾತ್ರ ತಳ್ಳುಗಾಡಿ, ಪೊರಕೆ, ಬಕೆಟ್ಟು, ಆಳು, ಎಲ್ಲವೂ ಹಿಂದಿನ ಸಂದಿಗೆ ಹೋಗಬೇಕು. ಅದು ಕಸ, ಚರಂಡಿ ಎರಡರ ಕೆಲಸವನ್ನೂ ನೋಡಿಕೊಳ್ಳುವ ಕಂಟ್ರಾಕ್ಟರನ ಮೇಸ್ತ್ರಿ ಮಾಡಿದ ಕಾನೂನು. ಜನ ಚಿತ್ರ ನೋಡೋಕೆ ಬರ್ತಾರೆ, ನಿಮ್ಮ ಮುಖ ನೋಡೋಕಲ್ಲ ಎಂದು ಮೊದಲ ದಿನವೇ ಹೇಳಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಜೊತೆಯವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಗ ಗಂಡ ಬದುಕಿದ್ದ.

ಗಂಡನನ್ನು ಎಲ್ಲರೂ ಆನೆ ಅನ್ನುತ್ತಿದ್ದರು. ಅವನ ಎಡಗಾಲು ಆನೆಕಾಲು. ಹರೆಯದಲ್ಲಿ ಬಂದ ಬಾವು ಇಳಿಯಲೇ ಇಲ್ಲ. ಮೊಣಕಾಲಿನಿಂದ ಕೆಳಗೆ ಕಂಬದ ಹಾಗೆ ದಪ್ಪ. ಪಾದದ ಮೇಲೆ ಚರ್ಮ ಮಡಿಕೆ ಬಿದ್ದು, ಬೆರಳುಗಳು ಮಡಿಕೆಯೊಳಗೆ ಹೂತುಹೋಗಿದ್ದವು. ಆ ಕಾಲಿಗೆ ಚಪ್ಪಲಿ ಕೂಡ ಹೋಗುತ್ತಿರಲಿಲ್ಲ. ಹಳೆಯ ಟೈರು ಕತ್ತರಿಸಿ, ಬಟ್ಟೆಯ ಪಟ್ಟಿ ಹೊಲಿದು ಅವಳೇ ಮೆಟ್ಟು ಮಾಡಿಕೊಡುತ್ತಿದ್ದಳು. ಚರಂಡಿಗೆ ಇಳಿಯುವಾಗ ಅದನ್ನೂ ಬಿಚ್ಚುತ್ತಿದ್ದ, ಬರಿಗಾಲಲ್ಲಿ ಇಳಿಯುತ್ತಿದ್ದ. ಕೆಳಗೆ ಗಾಜಿನ ಚೂರು ಇರುತ್ತಿತ್ತು, ಬ್ಲೇಡು ಇರುತ್ತಿತ್ತು, ಆಸ್ಪತ್ರೆಯವರು ಬಿಸಾಡಿದ ಸೂಜಿ ಇರುತ್ತಿತ್ತು. ಆ ಕಾಲಿಗೆ ಗಾಯವಾದರೆ ಮಾಯುತ್ತಿರಲಿಲ್ಲ.

ದಿನಾ ಸಂಜೆ ಅವಳು ಬಿಸಿನೀರಿಟ್ಟು ಆ ಕಾಲು ತೊಳೆಯುತ್ತಿದ್ದಳು. ಸೋಪು ಹಚ್ಚಿ, ಒಂದೊಂದು ಮಡಿಕೆ ಬಿಡಿಸಿ, ಬೆರಳ ಸಂದಿ ಒರೆಸಬೇಕು. ಒದ್ದೆ ಉಳಿದರೆ ಕೊಳೆಯುತ್ತದೆ, ಕೊಳೆತರೆ ಜ್ವರ ಬರುತ್ತದೆ. ಅವನು ಗೋಡೆಗೆ ಒರಗಿ ಕೂತು, ನೋಡೇ, ಸಾಹೇಬರ ಕಾಲು ಕೂಡ ಇಷ್ಟು ಸೇವೆ ಕಂಡಿರಲಿಕ್ಕಿಲ್ಲ ಅನ್ನುತ್ತಿದ್ದ. ಸೇವೆಯಲ್ಲ, ನನ್ನ ಕರ್ಮ ಅಂತ ಅವಳು ಬೈಯುತ್ತಿದ್ದಳು. ಬೈಯುತ್ತಲೇ ಒರೆಸುತ್ತಿದ್ದಳು. ಕಣ್ಣು ಕಟ್ಟಿ ಬಿಟ್ಟರೂ ಆ ಕಾಲಿನ ಏರುತಗ್ಗು ಅವಳ ಕೈಗೆ ಗೊತ್ತಿತ್ತು. ಆ ಕಾಲನ್ನು ಅವಳು ಹೇಸಿದ್ದೂ ಉಂಟು, ಮುದ್ದು ಮಾಡಿದ್ದೂ ಉಂಟು.

ಆನೆ ಸತ್ತರೂ ಸಾವಿರ, ಇದ್ದರೂ ಸಾವಿರ ಅನ್ನುತ್ತಾರೆ. ಈ ಆನೆ ಇದ್ದಾಗ ಯಾರ ಕಣ್ಣಿಗೂ ಬೀಳಲಿಲ್ಲ. ಸತ್ತ ಮೇಲೆ ಗೋಡೆಗೆ ಬಂದ.

ಸತ್ತದ್ದು ಮಾರ್ಕೆಟ್ಟಿನ ಹಿಂದಿನ ದೊಡ್ಡ ಚರಂಡಿಯಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಮುಚ್ಚಳ ತೆಗೆಸಿ ಮೇಸ್ತ್ರಿ ಇಳಿಯಲು ಹೇಳಿದ. ಒಳಗೆ ಗ್ಯಾಸು ಇತ್ತು. ಮೇಲೆ ಹಗ್ಗ ಹಿಡಿದಿದ್ದವನು ಏಣಿ. ಏಣಿ ಎಂದರೆ ಆನೆಯ ಜೊತೆಗಾರ, ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಉದ್ದದವನು. ಹಗ್ಗ ಜಗ್ಗಿದ್ದು ಗೊತ್ತಾಗಿ ಅವನು ಎಳೆದ. ಎಳೆದು ಎಳೆದು ಅಂಗೈ ಸುಲಿಯಿತು. ಮೇಲೆ ಬಂದದ್ದು ಹೆಣ. ಅವಳಿಗೆ ಸುದ್ದಿ ಮುಟ್ಟಿ ಅವಳು ಓಡಿ ಬರುವಷ್ಟರಲ್ಲಿ ಪೊಲೀಸರು ಬಂದಿದ್ದರು, ಮೇಸ್ತ್ರಿ ಹೇಳಿಕೆ ಕೊಟ್ಟಿದ್ದ. ಗುಂಡಿಯ ಪಕ್ಕದಲ್ಲಿ ಹೊಸ ಬೂಟು, ಹೊಸ ಗವಸು ಇದ್ದವು. ಕೊಟ್ಟಿದ್ದೆವು, ಬಿಚ್ಚಿಟ್ಟು ಇಳಿದ, ಮೊಂಡ ಎಂದು ಮೇಸ್ತ್ರಿ ಹೇಳಿದನಂತೆ. ಅವಳಿಗೆ ಆಗ ಬೂಟು ನೋಡುವ ಗ್ಯಾನ ಎಲ್ಲಿತ್ತು? ಅವಳು ಆ ಕಾಲನ್ನು ತಬ್ಬಿಕೊಂಡು ಕೂತಿದ್ದಳು.

ಮಣ್ಣು ಮಾಡಿ ಸ್ವಲ್ಪ ದಿನಕ್ಕೆ ಗಡ್ಡದ ಪೇಂಟರ್ ಒಬ್ಬ ಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಕೊಟ್ಟ ಟೀ ಕುಡಿದ. ನಿಮ್ಮ ಯಜಮಾನರನ್ನ ಗೋಡೆ ಮೇಲೆ ಬರೀತೀನಿ, ಊರೆಲ್ಲ ನೋಡಬೇಕು, ಒಂದು ಒಳ್ಳೆ ಫೋಟೋ ಕೊಡಿ ಎಂದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಮೂಲೆಯಲ್ಲಿ ಕೂತಿದ್ದ ಅತ್ತೆ, ಕಣ್ಣು ಕಾಣದ ಮುದುಕಿ, ಕೊಡೇ, ನನ್ನ ಮಗ ಗೋಡೆ ಮೇಲಾದ್ರೂ ಇರಲಿ ಎಂದಳು.

ಮನೆಯಲ್ಲಿ ಅವನ ಒಳ್ಳೆಯ ಫೋಟೋ ಎಂದು ಇದ್ದದ್ದು ಒಂದೇ. ಒಂದು ಸಲ ಸುರಕ್ಷತಾ ದಿನ ಅಂತ ಮಾಡಿದ್ದರು. ಜೀಪಿನಲ್ಲಿ ಒಂದೇ ಒಂದು ಜೊತೆ ಬೂಟು, ಒಂದು ಜೊತೆ ಗವಸು, ಒಂದು ಹೆಲ್ಮೆಟ್ಟು ತಂದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಒಬ್ಬ ತೊಟ್ಟು ಫೋಟೋ ಹೊಡೆಸಿಕೊಂಡು ಬಿಚ್ಚಿದರೆ ಮುಂದಿನವನು ತೊಡಬೇಕು. ಅವನ ಸರದಿ ಬರುವಾಗ ಬೂಟಿನೊಳಗೆ ಊರವರ ಬೆವರೆಲ್ಲ ತುಂಬಿತ್ತಂತೆ. ಬಲಗಾಲು ಹೋಯಿತು. ಎಡಗಾಲು ಹೋಗಲಿಲ್ಲ. ಹಿಂದಿನವರು ನಗಾಡಿದರು. ಅವನು ಹತ್ತಿರದಲ್ಲಿದ್ದ ಡ್ರಮ್ಮೊಂದನ್ನು ಎಳೆದು ಎಡಗಾಲಿನ ಮುಂದೆ ಇಟ್ಟುಕೊಂಡು, ಈ ಕಾಲು ಬೀಳದ ಹಾಗೆ ಹೊಡೀರಿ ಸ್ವಾಮಿ ಎಂದು ಕೈ ಮುಗಿದ. ಫೋಟೋ ಆದಮೇಲೆ ಜೀಪು ಎಲ್ಲವನ್ನೂ ತುಂಬಿಕೊಂಡು ಹೋಯಿತು. ಆ ಬೂಟನ್ನು ಮತ್ತೆ ಯಾರೂ ನೋಡಲಿಲ್ಲ. ಆದರೆ ಫೋಟೋದಲ್ಲಿ ಅವನು ಚೆನ್ನಾಗಿ ಕಾಣುತ್ತಿದ್ದ, ಯಾವುದೋ ಆಫೀಸಿನ ಮನುಷ್ಯನ ಹಾಗೆ. ಅದಕ್ಕೇ ಅವಳು ಅದಕ್ಕೆ ಕಟ್ಟು ಹಾಕಿಸಿದ್ದಳು. ಅದನ್ನೇ ಸೆರಗಿನಿಂದ ಒರೆಸಿ ಪೇಂಟರ್ ಕೈಗಿಟ್ಟಳು.

ಗೋಡೆ ಮುಗಿದ ದಿನ ಹೋಗಿ ನೋಡಿದರೆ ಡ್ರಮ್ಮು ಇರಲಿಲ್ಲ. ಎರಡು ಕಾಲು, ಎರಡು ಬೂಟು. ಎಡಗಾಲು ಬಲಗಾಲಿನಷ್ಟೇ ಸಪೂರವಾಗಿತ್ತು. ಅವಳು ಪೇಂಟರನ್ನು ಕೇಳಿದಳು. ಡ್ರಮ್ಮು ಚಿತ್ರಕ್ಕೆ ಹೊಂದುತ್ತಿರಲಿಲ್ಲ, ತೆಗೆದು ಕಾಲು ಪೂರ್ತಿ ಮಾಡಿದೆ, ಚೆನ್ನಾಗಿ ಬಂದಿದೆ ಅಲ್ವಾ ಎಂದು ಅವನು ಸಂತೋಷದಲ್ಲಿ ಕೇಳಿದ. ಅವಳು ಎರಡೂ ಬೂಟನ್ನು ಇನ್ನೊಮ್ಮೆ ನೋಡಿದಳು. ತಲೆ ಆಡಿಸಿ ಬಂದಳು.

ಮನೆಗೆ ಬಂದರೆ ಅತ್ತೆ ಕಾಯುತ್ತಿದ್ದಳು. ಮಗ ಹೇಗೆ ಬಂದಿದ್ದಾನೆ ಎಂದು ತಲೆಯಿಂದ ಶುರುಮಾಡಿ ಒಂದೊಂದೇ ಕೇಳಿದಳು. ಕಣ್ಣು, ಮೂಗು, ಮೀಸೆ. ಕೊನೆಗೆ ಕೇಳಿದಳು:

"ಆ ಕಾಲೂ ಬರೆದಿದಾರಾ?"

"ಬೂಟು ಬರೆದಿದಾರೆ ಅತ್ತೆ."

"ಎರಡಕ್ಕೂ?"

"ಎರಡಕ್ಕೂ."

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಆ ಕಾಲಿಗೆ ಹೋಗೋ ಬೂಟು ಯಾವ ಪುಣ್ಯಾತ್ಮ ಹೊಲಿದನಮ್ಮ?" ನಗುತ್ತಾ ನಗುತ್ತಾ ಅಳು ಬಂತು. ಅವತ್ತು ಇಬ್ಬರೂ ಉಣ್ಣಲಿಲ್ಲ.

ಆಮೇಲೆ ವಿಚಾರಣೆ ಬಂತು. ಫ್ಯಾನು ತಿರುಗುವ ಒಂದು ಕೋಣೆ, ಉದ್ದ ಮೇಜು, ಮೇಜಿನ ಆಚೆ ಅಧಿಕಾರಿ. ಈಚೆ ಅವಳಿಗೆ ಕುರ್ಚಿ ಇತ್ತು, ಯಾರೂ ಕೂರಲು ಹೇಳಲಿಲ್ಲ. ತಪ್ಪು ಕಂಟ್ರಾಕ್ಟರನದೋ ಸತ್ತವನದೋ ಎಂದು ತೀರ್ಮಾನ ಮಾಡಬೇಕಿತ್ತು. ಗ್ಯಾಸನ್ನು ಬೂಟು ತಡೆಯುವುದಿಲ್ಲ, ಆದರೆ ಸಾಮಾನು ಕೊಟ್ಟದ್ದು ನಿಜ ಎಂದಾದರೆ ಕಂಟ್ರಾಕ್ಟರ್ ಪಾರು. ನನ್ನ ಗಂಡನಿಗೆ ಯಾವತ್ತೂ ಬೂಟು ಕೊಟ್ಟಿಲ್ಲ ಎಂದು ಅವಳು ಹೇಳಿದಳು. ಅಧಿಕಾರಿ ಮೊಬೈಲು ತೆಗೆದು ಅವಳ ಕಡೆ ತಿರುಗಿಸಿದ. ಅದರಲ್ಲಿ ಗೋಡೆಯ ಚಿತ್ರ ಇತ್ತು.

"ಇದು ನಿಮ್ಮ ಮನೆಯಿಂದಲೇ ಕೊಟ್ಟ ಫೋಟೋ ನೋಡಿ ಬರೆದದ್ದಲ್ವೇನಮ್ಮಾ?"

"ಹೌದು."

"ಕಾಲಲ್ಲಿ ಏನಿದೆ?"

ಕಾಲಲ್ಲಿ ಬೂಟು ಇತ್ತು. ಇಲ್ಲ ಎನ್ನುವ ಹಾಗಿರಲಿಲ್ಲ. ತನ್ನ ಕೈಯಾರೆ ಒರೆಸಿ ಕೊಟ್ಟದ್ದು ತನ್ನ ಗಂಡನ ಮೇಲೇ ಸಾಕ್ಷಿ ಹೇಳಿತು. ಆ ಫೋಟೋದ ಕಥೆಯೇ ಬೇರೆ, ಅವರ ಎಡಗಾಲು ಆನೆಕಾಲು, ಯಾವ ಬೂಟೂ ಹತ್ತುತ್ತಿರಲಿಲ್ಲ ಎಂದು ತಡವರಿಸಿದಳು. ಹೆಣ ಕೊಯ್ದ ಡಾಕ್ಟರು ಅದನ್ನು ಬರೆದಿಲ್ಲವಲ್ಲ ಎಂದ ಅಧಿಕಾರಿ. ನೀರಲ್ಲಿ ಬಿದ್ದ ಹೆಣ ಬಾತುಕೊಳ್ಳುವುದು ಸಹಜವಂತೆ. ಈಗ ಕಾಲು ತೋರಿಸಿ ಎಂದರೆ ಎಲ್ಲಿಂದ ತರುವುದು? ಕಾಲು ಮಣ್ಣಿನೊಳಗಿತ್ತು.

ಆಮೇಲೆ ಏಣಿಯನ್ನು ಕರೆದರು. ಅವನು ಬಾಗಿಲಲ್ಲಿ ಬಗ್ಗಿ ಒಳಗೆ ಬಂದವನು ಮತ್ತೆ ನೆಟ್ಟಗಾಗಲಿಲ್ಲ, ಬಗ್ಗಿಯೇ ನಿಂತ. ಪಕ್ಕದಲ್ಲಿ ಮೇಸ್ತ್ರಿ ಇದ್ದ. ಬೂಟು ಕೊಟ್ಟಿದ್ದರಾ ಎಂದರೆ ಕೊಟ್ಟಿದ್ದರು ಅಂದ. ಆತನೇ ಬಿಚ್ಚಿಟ್ಟನಾ ಎಂದರೆ ಹೌದು ಅಂದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ. ಅವನ ಮನೆಯಲ್ಲಿ ಎಷ್ಟು ಬಾಯಿ ಇವೆ ಎಂದು ಅವಳಿಗೂ ಗೊತ್ತು. ಗೊತ್ತಿದ್ದೂ ಉಗಿಯಬೇಕು ಅನ್ನಿಸಿತು. ಆವತ್ತಿನಿಂದ ಏಣಿ ಅವಳಿಗೆ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ತೀರ್ಮಾನ ಬಂತು. ಸತ್ತವನ ಸ್ವಂತ ಅಜಾಗರೂಕತೆ. ಅತ್ತೆಗೆ ಆ ಮಾತು ತಿಳಿಯಲಿಲ್ಲ. ಹಾಗಂದ್ರೆ ಏನೇ ಎಂದಳು. "ಅವರೇ ಸತ್ತರಂತೆ" ಎಂದಳು ಇವಳು.

ಅಷ್ಟಾದ ಮೇಲೂ ಆ ಬೀದಿ ಅವಳ ಪಾಲಿಗೇ ಇತ್ತು. ಮೈಕಿನ ಹುಡುಗಿಯ ಮಾತನ್ನು ಕೇಳುತ್ತಾ ಗುಡಿಸಬೇಕಿತ್ತು. ಫೋಟೋಗೆ ಅಡ್ಡ ಬರಬೇಡಿ ಎಂದರೆ ಸರಿಯಬೇಕಿತ್ತು.

ಕ್ಯಾಮೆರಾದವನು ಹಾಗೆ ಸರಿಯಲು ಹೇಳಿದ ಮೇಲಿನ ರಜಾದಿನ ಬೆಳಿಗ್ಗೆ ಮೇಸ್ತ್ರಿ ಕೂಗಿ ಕರೆದ. ಯಾರೋ ಕುಡುಕರು ಬೂಟಿನ ಮೇಲೆ ಉಚ್ಚೆ ಹೊಯ್ದಿದ್ದರು. ಎಲೆಯಡಿಕೆ ಉಗಿದಿದ್ದರು. ಯಾವುದೋ ಟ್ಯೂಷನ್ನಿನ ಪೋಸ್ಟರನ್ನೂ ಅಂಟಿಸಿದ್ದರು. ಗುಂಪು ಬರೋದರೊಳಗೆ ಬೂಟು ತೊಳೆದು ಇಡು ಎಂದ. ಏಣಿ ಮತ್ತು ಇನ್ನಿಬ್ಬರು ಆಚೆ ಬದಿಯಲ್ಲಿ ತಳ್ಳುಗಾಡಿಗೆ ಕಸ ತುಂಬುತ್ತಿದ್ದರು.

ಅವಳು ಬಕೆಟ್ಟಿನಲ್ಲಿ ನೀರು ತಂದಳು. ಬ್ರಷ್ಷು ಹಿಡಿದು ಕೂತಳು. ಉಚ್ಚೆಯ ನಾತ ಮೂಗಿಗೆ ಹೊಡೆಯಿತು. ಸೋಪಿನ ನೀರು ಎರಚಿ ಎಡಗಾಲಿನ ಬೂಟು ಉಜ್ಜತೊಡಗಿದಳು. ಉಜ್ಜುತ್ತಾ ಇದ್ದ ಹಾಗೆ ಕೈ ನಿಂತಿತು. ಕೈಗೆ ಮಡಿಕೆ ಸಿಗಲಿಲ್ಲ, ಬೆರಳ ಸಂದಿ ಸಿಗಲಿಲ್ಲ. ಗಂಡನ ಕಾಲು ತೊಳೆದ ಕೈ ಈಗ ಅವನನ್ನು ತಪ್ಪಿತಸ್ಥನನ್ನಾಗಿ ಮಾಡಿದ ಬೂಟು ತೊಳೆಯುತ್ತಿತ್ತು.

ಪೋಸ್ಟರು ಕೆರೆಯುವ ಕಬ್ಬಿಣದ ಪಟ್ಟಿ ಪಕ್ಕದಲ್ಲಿತ್ತು. ಅವಳು ಪೋಸ್ಟರಿನ ಅಂಚಿಗೆ ಕೊಟ್ಟು ಎಬ್ಬಿದಳು. ಗೋಡೆಯ ಬುಡಕ್ಕೆ ತೇವ ಹತ್ತಿತ್ತು. ಪೋಸ್ಟರಿನ ಜೊತೆಗೇ ಅಂಗೈ ಅಗಲದ ಕಪ್ಪು ಬಣ್ಣ ಕಿತ್ತು ಬಂತು. ಕೆಳಗೆ ಬೂದು ಸಿಮೆಂಟು ಕಾಣಿಸಿತು.

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮತ್ತೆ ಪಟ್ಟಿ ಕೊಟ್ಟಳು. ಈ ಸಲ ಅಲ್ಲಿ ಪೋಸ್ಟರು ಇರಲಿಲ್ಲ.

ಸುಮ್ಮಸುಮ್ಮನೆ ಕೆರೆಯಲಿಲ್ಲ. ಹಿಮ್ಮಡಿಯಿಂದ ಶುರುಮಾಡಿದಳು. ಬೂಟಿನ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಲಿಲ್ಲ, ಗೆರೆ ದಾಟಿ ಹೊರಗೆ ಹೋದಳು, ಆ ಕಾಲು ಎಷ್ಟು ದಪ್ಪ ಇತ್ತೋ ಅಷ್ಟು. ಪಾದದ ಮೇಲೆ ಮಡಿಕೆ ಇದ್ದ ಕಡೆ ಒಂದೊಂದು ಎಳೆ ಬಣ್ಣ ಬಿಟ್ಟಳು. ಬೆರಳುಗಳು ಹೂತಿದ್ದ ಕಡೆ ಸಣ್ಣ ಸಣ್ಣ ಗುಂಡು ಮಾಡಿದಳು. ಉಗುರು ಕಿತ್ತು ರಕ್ತ ಬಂತು. ಬೂಟು ಹೋಗಿ ಗೋಡೆಯ ಮೇಲೆ ಕಾಲು ಬಂತು. ಬರಿಗಾಲು. ಆನೆಯ ಕಾಲು.

"ಏಯ್, ಏನೇ ಮಾಡ್ತಿದೀಯಾ?"

ಮೇಸ್ತ್ರಿ ಓಡಿ ಬಂದ. ಬೀದಿಯ ಆ ತುದಿಯಲ್ಲಿ ಗುಂಪು ಆಗಲೇ ಕಾಣಿಸುತ್ತಿತ್ತು. ಗಾಡಿ ತಗೊಂಡು ಸಂದಿಗೆ ಹೋಗು ಎಂದ. ಅವಳು ಕೆರೆಯುತ್ತಲೇ ಇದ್ದಳು. ಬಡವನ ಕೋಪ ದವಡೆಗೆ ಮೂಲ, ಇದರಲ್ಲಿ ಹಾಳಾಗೋಳು ನೀನೇ ಎಂದ. ಕೆಲಸ ಹೋಗುತ್ತೆ ಎಂದ. ಮುದುಕೀನ ಹೇಗೆ ಸಾಕ್ತೀಯಾ ಎಂದ. ಅದನ್ನೆಲ್ಲ ಅವಳು ಅವನಿಗಿಂತ ಮೊದಲೇ ಯೋಚಿಸಿ ಮುಗಿಸಿದ್ದಳು.

ಗುಂಪು ಬಂದು ನಿಂತಿತು. ಮೈಕಿನ ಹುಡುಗಿ ಗೋಡೆಯ ಬುಡದತ್ತ ನೋಡಿದಳು. ಕ್ಯಾಮೆರಾದವರಲ್ಲಿ ಒಬ್ಬ ಮೇಲೆ ಕೆಳಗೆ ನೋಡಿ, ಅಮ್ಮಾ, ಸ್ವಲ್ಪ ಸರೀತೀರಾ ಎಂದ, ಅಭ್ಯಾಸ ಬಲ.

ಅವಳು ಎದ್ದು ನಿಂತು ಅವನ ಕಡೆ ತಿರುಗಿದಳು. ಬೆನ್ನನ್ನು ಗೋಡೆಗೆ ಕೊಟ್ಟಳು.

"ಸರಿಯೋದಿಲ್ಲ. ಇವನು ನನ್ನ ಗಂಡ. ನೀವೇ ಸರೀರಿ."

ಕೈಯಲ್ಲಿದ್ದ ಪಟ್ಟಿಯಿಂದ ಗೋಡೆಯ ಬುಡ ತೋರಿಸಿದಳು.

"ಇವನು ಬೂಟು ಬಿಚ್ಚಿಟ್ಟು ಸತ್ತ ಅಂತ ಈ ಹುಡುಗಿ ವಾರವಾರ ಹೇಳ್ತಾಳೆ. ನೋಡಿ, ಇದು ಅವನ ಎಡಗಾಲು. ಹೀಗೇ ಇತ್ತು. ಇದನ್ನ ನಾನು ದಿನಾ ತೊಳೆದಿದೀನಿ. ಈ ಕಾಲಿಗೆ ಹೋಗೋ ಬೂಟು ಈ ಊರಲ್ಲಿ ಹುಟ್ಟಿಲ್ಲ. ಹಾಕೋಕೇ ಆಗದ್ದನ್ನ ಬಿಚ್ಚೋದು ಹೇಗೆ? ನೀವು ಓದಿದವರು, ಹೇಳಿ."

ಹುಡುಗಿಯ ಮೈಕು ಅವಳ ಮಾತನ್ನೂ ಎಳೆದುಕೊಂಡು ಸ್ಪೀಕರಿನಲ್ಲಿ ದೊಡ್ಡದಾಗಿ ಹೇಳುತ್ತಿತ್ತು. ತನ್ನ ಮಾತು ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅವಳಿಗೆ ಹುಟ್ಟಿದಾಗಿನಿಂದ ಅದೇ ಮೊದಲು. ಕೆಲವರು ಕಾಲು ನೋಡಿದರು, ಕೆಲವರು ತಮ್ಮ ಬೂಟು ನೋಡಿಕೊಂಡರು. ನನಗೆ ಬರೆದುಕೊಟ್ಟದ್ದನ್ನ ನಾನು ಹೇಳ್ತೀನಿ ಅಷ್ಟೇ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಅದೂ ಸ್ಪೀಕರಿನಲ್ಲಿ ಕೇಳಿಸಿತು.

ಮೇಸ್ತ್ರಿಗೆ ಗುಂಪಿನ ಮುಂದೆ ಹೆಂಗಸಿನ ಮೈಮೇಲೆ ಕೈ ಹಾಕುವ ಧೈರ್ಯ ಬರಲಿಲ್ಲ. ಆಚೆ ಬದಿಗೆ ತಿರುಗಿ ಕೂಗಿದ.

"ಏಣೀ, ಬಾರೋ ಇಲ್ಲಿ. ಅವಳ ಕೈಯಿಂದ ಆ ಪಟ್ಟಿ ಕಿತ್ಕೋ."

ಏಣಿ ಬಂದ. ತಳ್ಳುಗಾಡಿಯನ್ನೂ ತಳ್ಳಿಕೊಂಡೇ ಬಂದ. ಅವಳೆದುರು ನಿಂತು ಕೈ ಚಾಚಿದ. ಅಂಗೈಯಲ್ಲಿ ಹಗ್ಗ ಸುಲಿದ ಗೆರೆ ಇನ್ನೂ ಕೆಂಪಗಿತ್ತು.

"ಕೊಡು ಅತ್ತಿಗೆ."

ಇವನು ಇವತ್ತೂ ಮೇಸ್ತ್ರಿಯ ಮಾತೇ ಕೇಳಿದ ಅಂದುಕೊಂಡಳು. ಬಿಗಿ ಹಿಡಿದಿದ್ದ ಬೆರಳು ತಾನಾಗಿ ಸಡಿಲವಾಯಿತು. ಪಟ್ಟಿ ಅವನ ಕೈಗೆ ಹೋಯಿತು. ಮೇಸ್ತ್ರಿ ಉಸಿರು ಬಿಟ್ಟ.

ಏಣಿ ಗಾಡಿಯನ್ನು ಗೋಡೆಯ ಬುಡದಲ್ಲಿ ಬೋರಲು ಹಾಕಿದ. ತುಂಬಿದ್ದ ಕಸವೆಲ್ಲ ರಸ್ತೆಗೆ ಚೆಲ್ಲಿತು. ಅದರ ಮೇಲೆ ಹತ್ತಿ ನೆಟ್ಟಗೆ ನಿಂತ. ಅವನು ಅಷ್ಟು ನೆಟ್ಟಗೆ ನಿಂತದ್ದನ್ನು ಅವಳು ನೋಡಿ ಎಷ್ಟೋ ಕಾಲವಾಗಿತ್ತು. ಕೈ ಎತ್ತಿದ. ಅವಳಿಗೆ ಎಟುಕದಿದ್ದದ್ದು ಅವನಿಗೆ ಎಟುಕಿತು. ಕೆಂಪು ಗವಸಿನ ಬೆರಳ ತುದಿಗೆ ಪಟ್ಟಿ ಕೊಟ್ಟು ಎಳೆದ.

"ಲೋ, ನಿನಗೂ ನಾಳೆಯಿಂದ ಕೆಲಸ ಇಲ್ಲ" ಎಂದ ಮೇಸ್ತ್ರಿ.

ಏಣಿ ತಿರುಗಲಿಲ್ಲ. ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದ, ಆನೆಗೆ ಹೇಳುತ್ತಿರುವ ಹಾಗೆ.

"ಬೂಟು ಆಮೇಲೆ ತಂದಿಟ್ಟರು. ನೀನು ಸತ್ತ ಮೇಲೆ ಈ ಮೇಸ್ತ್ರಿಯೇ ಅಂಗಡಿಯಿಂದ ತರಿಸಿದ. ಜೋಡಿ ಸೇರಿಸಿ ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ನಾನು ನೋಡಿದೆ. ನೋಡಿ ಸುಳ್ಳು ಹೇಳಿದೆ."

ಮೇಸ್ತ್ರಿ ಮೊಬೈಲು ತೆಗೆದು ಯಾರಿಗೋ ಫೋನು ಮಾಡತೊಡಗಿದ. ಪೊಲೀಸರು ಬರುತ್ತಾರೆ, ಬರಲಿ. ಬೇರೆ ಪೇಂಟರ್ ಬಂದು ಬೇರೆ ಬೂಟು ಬರೆಯಬಹುದು, ಬರೆಯಲಿ. ಕೊಟ್ಟ ತೀರ್ಮಾನ ತಿರುಗುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತಿರುಗುತ್ತದೆ ಎಂದು ನಂಬುವಷ್ಟು ದಡ್ಡಿಯೂ ಅವಳಲ್ಲ.

ಗವಸಿನ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ಕೈ ಇರಲಿಲ್ಲ, ಬರೀ ಸಿಮೆಂಟು. ಕೆಂಪು ಚಕ್ಕೆಗಳು ಅವಳ ತಲೆಯ ಮೇಲೆ, ಭುಜದ ಮೇಲೆ, ಚೆಲ್ಲಿದ ಕಸದ ಮೇಲೆ ಬಿದ್ದವು. ಅಭ್ಯಾಸದಿಂದ ಅವಳ ಕೈ ಪೊರಕೆಗೆ ಹೋಯಿತು. ಎತ್ತಿಕೊಂಡಳು.

ಆಮೇಲೆ ಅದನ್ನು ಗೋಡೆಗೆ ಒರಗಿಸಿ, ಗಂಡನ ಎಡಗಾಲಿನ ಪಕ್ಕದಲ್ಲಿ ಕೂತಳು. ಆ ಬೀದಿಯನ್ನು ಅವಳು ಮತ್ತೆ ಗುಡಿಸಲಿಲ್ಲ.